ಹಳೆಯ ಸಬ್‌ಸ್ಟೇಷನ್ ಬದಲಾದರೆ ವೆಚ್ಚ ಯಾರ ಲೆಕ್ಕಕ್ಕೆ?

ವಿದ್ಯುತ್ ದರದಲ್ಲಿ ಯೂನಿಟ್ಟಿಗೆ ಹತ್ತು ಪೈಸೆ ಏರಿದರೂ ನಮ್ಮ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ತಕ್ಷಣ ಗಮನಿಸುತ್ತಾರೆ. ಆದರೆ ಆ ವಿದ್ಯುತ್ತು ಯಾವ ಕೇಂದ್ರದಿಂದ ಬರುತ್ತದೆ, ಅಲ್ಲಿಯ ಟ್ರಾನ್ಸ್‌ಫಾರ್ಮರಿಗೆ ಎಷ್ಟು ವರ್ಷ ತುಂಬಿದೆ, ಅದನ್ನು ಬದಲಾಯಿಸಬೇಕಾದಾಗ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಪೇಟೆಗಳಲ್ಲಿ ಶೀತಲಗೃಹಗಳು, ಬೀಜ ಸಂಸ್ಕರಣ ಘಟಕಗಳು ಮತ್ತು ಜಿನ್ನಿಂಗ್ ಕಾರ್ಖಾನೆಗಳಿವೆ. ಮೇಡ್ಲೇರಿಯಂತಹ ಊರಿನಲ್ಲಿ ಕಂಬಳಿ ನೇಯುವ ಕೈಮಗ್ಗಕ್ಕೆ ವಿದ್ಯುತ್ತು ಬೇಡವಾದರೂ ಹಿಟ್ಟಿನ ಗಿರಣಿಗೆ, ವೆಲ್ಡಿಂಗ್ ಅಂಗಡಿಗೆ, ತುಂಗಭದ್ರೆಯ ದಡದ ಪಂಪ್‌ಸೆಟ್ಟುಗಳಿಗೆ ಬೇಕೇ ಬೇಕು. ಇವರೆಲ್ಲರ ವ್ಯವಹಾರ ಕೊನೆಗೆ ಜನರು 'ಗ್ರಿಡ್' ಎಂದು ಕರೆಯುವ ಒಂದು ಆವರಣದ ಮೇಲೆ ನಿಂತಿದೆ. ಪ್ರಸ್ತುತ ಲೇಖನದಲ್ಲಿ ಆ ಆವರಣದ ಯಂತ್ರೋಪಕರಣಗಳು ಮುಪ್ಪಾದಾಗ ಉದ್ಭವಿಸುವ ತಾಂತ್ರಿಕ ಸಂಗತಿಗಳನ್ನು ಸಂಕ್ಷೇಪವಾಗಿಯೂ, ಹಣಕಾಸಿನ ಸಂಗತಿಗಳನ್ನು ತುಸು ವಿಸ್ತಾರವಾಗಿಯೂ ವಿವೇಚಿಸಲಾಗಿದೆ.

ಮೊದಲಿಗೆ ಒಡೆತನದ ವಿಷಯ. 1957ರಲ್ಲಿ ಸ್ಥಾಪಿತವಾದ ವಿದ್ಯುಚ್ಛಕ್ತಿ ಮಂಡಳಿಯ ಆಸ್ತಿಗಳು 1999ರಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮಕ್ಕೆ ವರ್ಗಾವಣೆಗೊಂಡವು. 2002ರಲ್ಲಿ ವಿತರಣೆಯ ಭಾಗವನ್ನು ಬೇರ್ಪಡಿಸಿ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯನ್ನು, ಅಂದರೆ ಹೆಸ್ಕಾಂ ಅನ್ನು ರಚಿಸಲಾಯಿತು. ಹಾವೇರಿಯೂ ಸೇರಿ ಏಳು ಜಿಲ್ಲೆಗಳು ಅದರ ವ್ಯಾಪ್ತಿಯಲ್ಲಿವೆ. ಸ್ಥೂಲವಾಗಿ ಹೇಳುವುದಾದರೆ 66 ಕಿಲೋವೋಲ್ಟ್ ಹಾಗೂ ಅದಕ್ಕೆ ಮೇಲ್ಪಟ್ಟ ಕೇಂದ್ರಗಳು ಪ್ರಸರಣ ನಿಗಮಕ್ಕೆ ಸೇರಿದವು. 33 ಕಿಲೋವೋಲ್ಟ್ ಮತ್ತು ಅದಕ್ಕೂ ಕೆಳಗಿನವು ಹೆಸ್ಕಾಂಗೆ ಸೇರಿದವು. ಜನ ಇಂದಿಗೂ ಎರಡನ್ನೂ 'ಕೆ.ಇ.ಬಿ.' ಎಂದೇ ಕರೆಯುತ್ತಾರೆ. ಆದರೆ ಅರ್ಜಿ ಸಲ್ಲಿಸುವವರು ತಮ್ಮ ಬಡಾವಣೆಯ ಕೇಂದ್ರ ಯಾರದೆಂಬುದನ್ನು ಮೊದಲು ತಿಳಿದುಕೊಳ್ಳುವುದು ಲೇಸು. ಹೆಸ್ಕಾಂ ಕಚೇರಿಯಲ್ಲಿ ಕೊಟ್ಟ ಮನವಿಯಿಂದ ನಿಗಮದ ಟ್ರಾನ್ಸ್‌ಫಾರ್ಮರ್ ಬದಲಾಗುವುದಿಲ್ಲ.

ಮುಪ್ಪು ಎಂದರೇನು?

ಟ್ರಾನ್ಸ್‌ಫಾರ್ಮರಿನ ಆಯುಷ್ಯವನ್ನು ನಿರ್ಧರಿಸುವುದು ಅದರೊಳಗಿನ ತಾಮ್ರವೂ ಅಲ್ಲ, ಉಕ್ಕೂ ಅಲ್ಲ. ತಾಮ್ರದ ಸುರುಳಿಗೆ ಸುತ್ತಿದ ಕಾಗದ. ಎಣ್ಣೆಯಲ್ಲಿ ನೆನೆದಿರುವ ಈ ಕಾಗದ ಶಾಖ, ತೇವ ಮತ್ತು ಆಮ್ಲಜನಕದಿಂದ ಕ್ರಮೇಣ ಶಿಥಿಲವಾಗುತ್ತದೆ. ಎಣ್ಣೆಯನ್ನು ಶೋಧಿಸಬಹುದು, ಬದಲಿಸಲೂಬಹುದು. ಕಾಗದ ಒಮ್ಮೆ ಪುಡಿಯಾದರೆ ಮತ್ತೆ ಗಟ್ಟಿಯಾಗದು. ಸುರುಳಿಯ ಅತ್ಯಂತ ಬಿಸಿಯಾದ ಭಾಗದಲ್ಲಿ ಉಷ್ಣಾಂಶ ಪ್ರತಿ 6 ಡಿಗ್ರಿ ಸೆಲ್ಸಿಯಸ್ ಏರಿದಂತೆ ಕಾಗದ ಸವೆಯುವ ವೇಗ ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ಅನುಸರಿಸುವ ಅಂತರರಾಷ್ಟ್ರೀಯ ಲೆಕ್ಕ. ಸುರುಳಿಯಲ್ಲಿ ಹುಟ್ಟುವ ಶಾಖ ಹೊರೆಯ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಶೇಕಡಾ 10 ಹೆಚ್ಚು ಹೊರೆ ಹಾಕಿದರೆ ಶಾಖ ಶೇಕಡಾ 21 ಹೆಚ್ಚುತ್ತದೆ. ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳೂ ಶೀತಲಗೃಹಗಳೂ ಒಟ್ಟಿಗೆ ಓಡುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಹಳೆಯ ಟ್ರಾನ್ಸ್‌ಫಾರ್ಮರ್ ಕಳೆದುಕೊಳ್ಳುವ ಆಯುಷ್ಯ ಉಳಿದ ತಿಂಗಳುಗಳಲ್ಲಿ ಕಳೆದುಕೊಳ್ಳುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿರಬಹುದು.

ಎಣ್ಣೆಯಲ್ಲಿ ಕರಗಿರುವ ಅನಿಲಗಳ ಪರೀಕ್ಷೆಯಿಂದ ಒಳಗಿನ ಸ್ಥಿತಿ ತಿಳಿಯುತ್ತದೆ. ವೈದ್ಯರಿಗೆ ರಕ್ತಪರೀಕ್ಷೆ ಇದ್ದಂತೆ ಇದು. ಅಸಿಟಿಲೀನ್ ಕಾಣಿಸಿಕೊಂಡರೆ ಒಳಗೆ ಕಿಡಿ ಹಾರುತ್ತಿದೆ ಎಂದರ್ಥ. ಇದರ ಜೊತೆಗೆ ಹಳೆಯ ಎಣ್ಣೆಯ ಬ್ರೇಕರುಗಳು, ಬಿಡಿಭಾಗ ಸಿಗದ ರಿಲೇಗಳು, ನೆಲದಲ್ಲಿ ತುಕ್ಕು ಹಿಡಿದ ಅರ್ಥಿಂಗ್ ಪಟ್ಟಿಗಳು, ದುರ್ಬಲವಾದ ಬ್ಯಾಟರಿಗಳು ಇವೆಲ್ಲ ಸೇರಿ 'ಮುಪ್ಪು' ಎನಿಸಿಕೊಳ್ಳುತ್ತವೆ. ಬ್ಯಾಟರಿಯನ್ನು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಲೈನಿನಲ್ಲಿ ದೋಷ ಉಂಟಾದಾಗ ಬ್ರೇಕರ್ ತೆರೆದುಕೊಳ್ಳಲು ಬೇಕಾದ ಶಕ್ತಿ ಬರುವುದು ಅದರಿಂದಲೇ.

ಪೇಟೆಗಳ ಸಮಸ್ಯೆಗೆ ಇನ್ನೊಂದು ಮುಖವಿದೆ. ಒಂದು ಕಾಲಕ್ಕೆ ಊರ ಹೊರಗೆ ಕಟ್ಟಿದ ಕೇಂದ್ರಗಳ ಸುತ್ತ ಈಗ ಬಡಾವಣೆಗಳು ಬೆಳೆದಿವೆ. ಹಳೆಯದು ಚಾಲನೆಯಲ್ಲಿರುವಾಗಲೇ ಪಕ್ಕದಲ್ಲಿ ಹೊಸದನ್ನು ಕಟ್ಟಿ ಫೀಡರುಗಳನ್ನು ಒಂದೊಂದಾಗಿ ವರ್ಗಾಯಿಸುವುದೇ ಉತ್ತಮ ಮಾರ್ಗ. ಅದಕ್ಕೆ ಆವರಣದಲ್ಲಿ ಜಾಗವಿರುವುದಿಲ್ಲ. 2,000 ಲೀಟರಿಗಿಂತ ಹೆಚ್ಚು ಎಣ್ಣೆಯಿರುವ ಟ್ರಾನ್ಸ್‌ಫಾರ್ಮರಿಗೆ ಎಣ್ಣೆ ಇಂಗುವ ಗುಂಡಿ ಬೇಕು, ಅಕ್ಕಪಕ್ಕದ ಟ್ರಾನ್ಸ್‌ಫಾರ್ಮರುಗಳ ನಡುವೆ ಬೆಂಕಿ ತಡೆಯುವ ಗೋಡೆ ಬೇಕು. ಜಾಗ ತೀರ ಕಡಿಮೆಯಿದ್ದರೆ ಅನಿಲ ತುಂಬಿದ ಮುಚ್ಚಿದ ಉಪಕರಣಗಳನ್ನು ಬಳಸುವುದುಂಟು. ಅವುಗಳಿಗೆ ಬಯಲು ಕೇಂದ್ರದ ಸಣ್ಣದೊಂದು ಪಾಲು ಜಾಗ ಸಾಕಾಗುತ್ತದೆ, ಆದರೆ ಬೆಲೆ ಬಹಳ ಹೆಚ್ಚು. ಬೆಂಗಳೂರಿನಂತಹ ನಗರದಲ್ಲಿ ನಿವೇಶನದ ಬೆಲೆಯೇ ಆ ವ್ಯತ್ಯಾಸವನ್ನು ಸರಿದೂಗಿಸೀತು. ನಮ್ಮ ಪೇಟೆಗಳಲ್ಲಿ ಅಷ್ಟು ಹಣ ಸುರಿಯುವುದಕ್ಕಿಂತ ಊರಂಚಿನಲ್ಲಿ ಜಾಗ ಪಡೆದು ಹೊಸ ಕೇಂದ್ರ ಕಟ್ಟುವುದೇ ವಿವೇಕವೆಂದು ನನ್ನ ಅಭಿಪ್ರಾಯ.

ಮುಂದೂಡಿದರೆ ಏನಾಗುತ್ತದೆ ಎಂಬುದಕ್ಕೆ ಈಚಿನ ದೊಡ್ಡ ನಿದರ್ಶನ ಲಂಡನ್ ನಗರದ್ದು. 2025ರ ಮಾರ್ಚ್ 20ರ ರಾತ್ರಿ ಅಲ್ಲಿಯ ನಾರ್ತ್ ಹೈಡ್ ಎಂಬ 275 ಕಿಲೋವೋಲ್ಟ್ ಕೇಂದ್ರದಲ್ಲಿ 1968ರಷ್ಟು ಹಳೆಯದಾದ ಟ್ರಾನ್ಸ್‌ಫಾರ್ಮರ್ ಹೊತ್ತಿ ಉರಿಯಿತು. ಮರುದಿನ ಹೀಥ್ರೂ ವಿಮಾನ ನಿಲ್ದಾಣ ಸಂಜೆಯವರೆಗೂ ಮುಚ್ಚಿತ್ತು. 1,300ಕ್ಕೂ ಹೆಚ್ಚು ವಿಮಾನಗಳ ಸಂಚಾರಕ್ಕೆ ಧಕ್ಕೆಯಾಯಿತು. ಜುಲೈ ತಿಂಗಳಲ್ಲಿ ಹೊರಬಂದ ತನಿಖಾ ವರದಿಯ ಪ್ರಕಾರ, ಬುಷಿಂಗ್ ಎಂಬ ಬಿಡಿಭಾಗದ ಎಣ್ಣೆಯಲ್ಲಿ ಮಿತಿಮೀರಿದ ತೇವವಿರುವುದು 2018ರ ಪರೀಕ್ಷೆಯಲ್ಲಿಯೇ ಕಂಡುಬಂದಿತ್ತು, ಆದರೆ ಕ್ರಮ ಜರುಗಿರಲಿಲ್ಲ. ಪರೀಕ್ಷೆ ನಡೆದಿತ್ತು, ಫಲಿತಾಂಶ ಬರೆದಿತ್ತು, ಕಡತ ಮಾತ್ರ ಮುಂದೆ ಸಾಗಲಿಲ್ಲ. ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ಆ ನಿಲ್ದಾಣಕ್ಕೆ ಬೇರೆ ಎರಡು ಕಡೆಯಿಂದ ವಿದ್ಯುತ್ ಸರಬರಾಜು ಇತ್ತು. ಆದರೂ ಒಳಗಿನ ಜಾಲವನ್ನು ಆ ಕಡೆಗೆ ಹೊಂದಿಸಿಕೊಳ್ಳಲು ಹಲವು ತಾಸುಗಳು ಬೇಕಾದವು. ಪರ್ಯಾಯ ಇರುವುದು ಬೇರೆ, ಅದು ಬೇಕಾದ ಕ್ಷಣಕ್ಕೆ ಒದಗುವುದು ಬೇರೆ. ಮೂಲೆಯಲ್ಲಿ ಜನರೇಟರ್ ಇಟ್ಟುಕೊಂಡು ವರ್ಷಕ್ಕೊಮ್ಮೆಯೂ ಪೂರ್ಣ ಹೊರೆಯಲ್ಲಿ ಓಡಿಸಿ ನೋಡದವರು ಇದನ್ನು ಗಮನಿಸಬೇಕು.

ವೆಚ್ಚ ದರದೊಳಗೆ ಸೇರುವ ಬಗೆ

ವಿದ್ಯುತ್ ಕಂಪನಿಯು ಹೊಸ ಕೇಂದ್ರ ಕಟ್ಟಿದರೆ ಆ ಹಣವನ್ನು ಒಮ್ಮೆಲೇ ಗ್ರಾಹಕರಿಂದ ವಸೂಲು ಮಾಡುವುದಿಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಬಂಡವಾಳ ವೆಚ್ಚ ಅಗತ್ಯವಾಗಿತ್ತೇ, ಸಮಂಜಸವಾಗಿದೆಯೇ ಎಂದು ಪರಿಶೀಲಿಸಿ, ಒಪ್ಪಿದ ಮೊತ್ತದ ಮೇಲೆ ಸವಕಳಿ, ಸಾಲದ ಬಡ್ಡಿ, ಸ್ವಂತ ಬಂಡವಾಳದ ಮೇಲಿನ ಪ್ರತಿಫಲ ಹಾಗೂ ನಿರ್ವಹಣಾ ವೆಚ್ಚವನ್ನು ವರ್ಷ ವರ್ಷ ದರದಲ್ಲಿ ಸೇರಿಸಲು ಅನುಮತಿ ನೀಡುತ್ತದೆ. ಸಾಲ ಶೇಕಡಾ 70, ಸ್ವಂತ ಬಂಡವಾಳ ಶೇಕಡಾ 30 ಎಂಬುದು ರೂಢಿಯ ಅನುಪಾತ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಹೊಸ ಕೇಂದ್ರಕ್ಕೆ 8 ಕೋಟಿ ರೂಪಾಯಿ ತಗಲುವುದೆಂದು ಇಟ್ಟುಕೊಳ್ಳಿ. ಶೇಕಡಾ 5.28ರಂತೆ ಸವಕಳಿ ಸುಮಾರು 42 ಲಕ್ಷ. 5.6 ಕೋಟಿ ಸಾಲಕ್ಕೆ ಶೇಕಡಾ 9ರ ಬಡ್ಡಿ 50.4 ಲಕ್ಷ. 2.4 ಕೋಟಿ ಸ್ವಂತ ಬಂಡವಾಳಕ್ಕೆ ಶೇಕಡಾ 15.5ರ ಪ್ರತಿಫಲ 37.2 ಲಕ್ಷ. ನಿರ್ವಹಣೆಗೆ 20 ಲಕ್ಷ. ಮೊದಲ ವರ್ಷದ ಒಟ್ಟು ಭಾರ ಸರಿಸುಮಾರು ಒಂದೂವರೆ ಕೋಟಿ. ಕಂಪನಿ ವರ್ಷಕ್ಕೆ ಸಾವಿರ ಕೋಟಿ ಯೂನಿಟ್ ಮಾರುವುದೆಂದು ಭಾವಿಸಿದರೆ ಇದು ಯೂನಿಟ್ಟಿಗೆ 0.15 ಪೈಸೆಯಾಗುತ್ತದೆ. ತಿಂಗಳಿಗೆ 20,000 ಯೂನಿಟ್ ಬಳಸುವ ಘಟಕಕ್ಕೆ ಮಾಸಿಕ 30 ರೂಪಾಯಿ, ವರ್ಷಕ್ಕೆ 360 ರೂಪಾಯಿ.

ಈಗ ಇನ್ನೊಂದು ಪಕ್ಕವನ್ನು ನೋಡಿ. 100 ಕಿಲೋವ್ಯಾಟ್ ಹೊರೆಯ ಘಟಕ ಆರು ತಾಸು ಜನರೇಟರ್ ಓಡಿಸಿದರೆ 600 ಯೂನಿಟ್. ಒಂದು ಲೀಟರ್ ಡೀಸೆಲ್ಲಿನಿಂದ 3ರಿಂದ 3.5 ಯೂನಿಟ್ ದೊರೆಯುತ್ತದೆ. ಲೀಟರಿಗೆ 90 ರೂಪಾಯಿ ಎಂದರೂ ಇಂಧನದ ವೆಚ್ಚವೇ ಯೂನಿಟ್ಟಿಗೆ 26ರಿಂದ 30 ರೂಪಾಯಿ. ಕಂಪನಿಯ ವಿದ್ಯುತ್ತನ್ನು 8 ರೂಪಾಯಿ ಎಂದು ಹಿಡಿದರೂ ಒಂದೇ ದಿನದ ಹೆಚ್ಚುವರಿ ಖರ್ಚು 10,000 ರೂಪಾಯಿ ಮೀರುತ್ತದೆ. ಡೀಸೆಲ್ ಜಿ.ಎಸ್.ಟಿ. ವ್ಯಾಪ್ತಿಯಲ್ಲಿಲ್ಲವಾದ್ದರಿಂದ ಅದರ ಮೇಲಿನ ತೆರಿಗೆಗೆ ಜಮೆಯೂ ಸಿಗದು. ಒಂದು ದಿನದ ನಿಲುಗಡೆಯ ಹಣದಲ್ಲಿ ಹೊಸ ಕೇಂದ್ರದ ಮೂವತ್ತು ವರ್ಷಗಳ ನಮ್ಮ ಪಾಲನ್ನು ಕಟ್ಟಬಹುದು!

ಅಂಕಿಗಳನ್ನು ಓದುಗರು ತಮ್ಮ ತಮ್ಮ ಬಿಲ್ಲಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು, ತಾತ್ಪರ್ಯ ಬದಲಾಗದು. ಹೊಸ ಕೇಂದ್ರದ ವೆಚ್ಚ ಏಳೂ ಜಿಲ್ಲೆಗಳ ಗ್ರಾಹಕರಲ್ಲಿ ಹಂಚಿಹೋಗುತ್ತದೆ. ಹಳೆಯ ಕೇಂದ್ರದ ನಷ್ಟ ಮಾತ್ರ ಅದರ ಫೀಡರಿನಲ್ಲಿರುವವರ ಮೇಲೆಯೇ ಬೀಳುತ್ತದೆ. ಆದುದರಿಂದ 'ದರ ಏರೀತು' ಎಂಬ ಅಂಜಿಕೆಯಿಂದ ಕೇಂದ್ರದ ನವೀಕರಣವನ್ನು ವಿರೋಧಿಸುವುದು ವರ್ತಕರಿಗೆ ಲಾಭದ ಮಾತಲ್ಲ.

ಎರಡು ಸಂಗತಿಗಳನ್ನು ಮಾತ್ರ ಕಟ್ಟುನಿಟ್ಟಾಗಿ ಪರಿಶೀಲಿಸಬೇಕು. ಹಳೆಯ ಟ್ರಾನ್ಸ್‌ಫಾರ್ಮರನ್ನು ತೆಗೆದುಹಾಕಿದ ಮೇಲೆ ಅದರ ಮೌಲ್ಯವನ್ನು ಆಸ್ತಿಯ ಲೆಕ್ಕದಿಂದಲೂ ತೆಗೆಯಲಾಗಿದೆಯೇ? ತಾಮ್ರ, ಎಣ್ಣೆ, ಉಕ್ಕಿನ ಮಾರಾಟದಿಂದ ಬಂದ ಹಣ ಜಮೆಯಾಗಿದೆಯೇ? ಹಾಗಾಗದಿದ್ದಲ್ಲಿ ಇಲ್ಲದ ಆಸ್ತಿಗೂ ನಾವು ಪ್ರತಿಫಲ ಕಟ್ಟುತ್ತಿರುತ್ತೇವೆ. ಎರಡನೆಯದು, ಗ್ರಾಹಕರ ವಂತಿಗೆಯಿಂದ ಅಥವಾ ಸರ್ಕಾರದ ಅನುದಾನದಿಂದ ನಿರ್ಮಿಸಿದ ಭಾಗದ ಮೇಲೆ ಕಂಪನಿ ಸವಕಳಿ, ಬಡ್ಡಿ, ಪ್ರತಿಫಲಗಳನ್ನು ಕೇಳುವಂತಿಲ್ಲ. ಅದನ್ನು ಬಂಡವಾಳದಿಂದ ಕಳೆಯಲಾಗಿದೆಯೇ ಎಂದು ನೋಡಬೇಕು. ವಾರ್ಷಿಕ ಲೆಕ್ಕಪತ್ರಗಳ ಸ್ಥಿರಾಸ್ತಿ ಅನುಸೂಚಿಯನ್ನು ಓದಬಲ್ಲ ಯಾರಾದರೂ ಇವೆರಡನ್ನೂ ಪ್ರಶ್ನಿಸಬಹುದು.

ನಿಮ್ಮಿಂದ ಹಣ ಕೇಳಿದಾಗ

ಹೊಸ ಸಂಪರ್ಕ ಅಥವಾ ಹೆಚ್ಚುವರಿ ಹೊರೆ ಕೋರಿದವರಿಗೆ 'ಕೇಂದ್ರದಲ್ಲಿ ಸಾಮರ್ಥ್ಯ ಉಳಿದಿಲ್ಲ' ಎಂಬ ಉತ್ತರ ಬರುವುದುಂಟು. 2003ರ ವಿದ್ಯುಚ್ಛಕ್ತಿ ಕಾಯಿದೆಯ 43ನೆಯ ಕಲಮಿನಂತೆ ಕೋರಿದವರಿಗೆ ವಿದ್ಯುತ್ ಒದಗಿಸುವುದು ಕಂಪನಿಯ ಕರ್ತವ್ಯ. ಹೊಸ ಕೇಂದ್ರವೇ ಬೇಕಾದಲ್ಲಿ ಅದು ಚಾಲನೆಗೊಂಡ ಕೂಡಲೇ ಅಥವಾ ಆಯೋಗ ಗೊತ್ತುಪಡಿಸಿದ ಅವಧಿಯೊಳಗೆ ನೀಡಬೇಕು. 46ನೆಯ ಕಲಮು ಆ ಸರಬರಾಜಿಗೆ ಬಳಸುವ ಲೈನು ಹಾಗೂ ಯಂತ್ರಗಳ ಸಮಂಜಸ ವೆಚ್ಚವನ್ನು, ಆಯೋಗದ ನಿಯಮಗಳಿಗೆ ಒಳಪಟ್ಟು, ಅರ್ಜಿದಾರರಿಂದ ಪಡೆಯಲು ಅವಕಾಶ ಕೊಡುತ್ತದೆ. 'ಆ ಸರಬರಾಜಿಗೆ' ಎಂಬ ಮಾತಿನ ಮೇಲೆ ಓದುಗರು ಬೆರಳಿಡಬೇಕು. ಮೂವತ್ತು ವರ್ಷ ಎಲ್ಲರೂ ಬಳಸಿ ಸವೆದ ಟ್ರಾನ್ಸ್‌ಫಾರ್ಮರಿನ ಬದಲಾವಣೆಯು ಕೊನೆಗೆ ಬಂದ ಒಬ್ಬ ಅರ್ಜಿದಾರರ ವೆಚ್ಚವಾಗಲಾರದು. ಅಂದಾಜು ಪಟ್ಟಿಯನ್ನು ಲಿಖಿತವಾಗಿ ಪಡೆದು, ಯಾವ ಬಾಬು ನಿಮ್ಮ ಹೊರೆಗೆ, ಯಾವುದು ಸಾಮಾನ್ಯ ಬಲವರ್ಧನೆಗೆ ಎಂದು ವಿಂಗಡಿಸಿ ಕೇಳಿ. ಒಪ್ಪಿಗೆಯಾಗದಿದ್ದರೆ ಕಂಪನಿಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ನನ್ನ ಕಕ್ಷಿದಾರರೊಬ್ಬರು ಅಂದಾಜು ಪಟ್ಟಿಯ ಒಟ್ಟು ಮೊತ್ತವನ್ನಷ್ಟೇ ನೋಡಿ ಮರುದಿನವೇ ಹಣ ತುಂಬಿ ಬಂದಿದ್ದರು. ತುಂಬಿದ ಮೇಲೆ ವಿಂಗಡಣೆಯ ಪ್ರಶ್ನೆ ಎತ್ತುವುದು ಎಷ್ಟು ಕಷ್ಟವೆಂಬುದು ಆಮೇಲೆ ತಿಳಿಯಿತು.

ಹೀಗೆ ಕೊಟ್ಟ ಹಣ ಲೆಕ್ಕಪುಸ್ತಕದಲ್ಲಿ ಎಲ್ಲಿಗೆ ಹೋಗಬೇಕು? ಹಿಂತಿರುಗಿ ಬರುವ ಠೇವಣಿಯಾದರೆ ಅದು ಖರ್ಚಲ್ಲ, ಆಸ್ತಿ. ನಿಮ್ಮ ಆವರಣದಲ್ಲಿದ್ದು ನಿಮ್ಮದೇ ಆಗಿ ಉಳಿಯುವ ಟ್ರಾನ್ಸ್‌ಫಾರ್ಮರ್ ಸ್ಥಿರಾಸ್ತಿ. 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ವಿದ್ಯುತ್ ಸ್ಥಾಪನೆ ಮತ್ತು ಉಪಕರಣಗಳಿಗೆ 10 ವರ್ಷದ ಆಯುಷ್ಯ ಹೇಳಿದೆ. ತೊಡಕಿರುವುದು ಮೂರನೆಯ ಬಗೆಯಲ್ಲಿ. ಹಣ ನಿಮ್ಮದು, ಆದರೆ ಕಟ್ಟಿದ ಲೈನು ಅಥವಾ ಉಪಕರಣ ಕಂಪನಿಯ ಸ್ವತ್ತಾಗುತ್ತದೆ. ಇಂತಹ ವೆಚ್ಚದಿಂದ ದೀರ್ಘಕಾಲದ ಅನುಕೂಲ ದೊರೆತರೂ ಸ್ವಂತ ಆಸ್ತಿ ಹುಟ್ಟದಿರುವುದರಿಂದ ಅದು ಆದಾಯ ತೆರಿಗೆಯ ದೃಷ್ಟಿಯಲ್ಲಿ ರಾಜಸ್ವ ವೆಚ್ಚವೆಂಬ ವಾದಕ್ಕೆ ಬಲವಾದ ಆಧಾರವಿದೆ. ಕಾರ್ಖಾನೆಯ ಸುತ್ತಲಿನ ರಸ್ತೆಗೆ ಕೊಟ್ಟ ವಂತಿಗೆಯ ಬಗ್ಗೆ ಎಲ್.ಎಚ್. ಶುಗರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1980ರಲ್ಲಿ ಹೀಗೆಯೇ ತೀರ್ಪು ನೀಡಿತು. ಪುರಸಭೆಯ ಸ್ವತ್ತಾದ ನೀರಿನ ಕೊಳವೆಗಳ ವೆಚ್ಚದ ಕುರಿತ ಅಸೋಸಿಯೇಟೆಡ್ ಸಿಮೆಂಟ್ ಪ್ರಕರಣದಲ್ಲಿಯೂ 1988ರಲ್ಲಿ ಇದೇ ನಿಲುವು ತಳೆಯಿತು. ವಿದ್ಯುತ್ ಮಂಡಳಿಗೆ ಲೈನಿಗಾಗಿ ಕೊಟ್ಟ ವಂತಿಗೆಯ ವಿಷಯದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಎಕ್ಸೆಲ್ ಇಂಡಸ್ಟ್ರೀಸ್ ತೀರ್ಪು ಇದೆ. ಆದರೆ ಸ್ವತ್ತು ಕಂಪನಿಯದೆಂದು ತೋರಿಸುವ ಕಾಗದ ನಿಮ್ಮ ಕಡತದಲ್ಲಿರಬೇಕು. ಮಂಜೂರಾತಿ ಪತ್ರ, ಹಸ್ತಾಂತರ ಪತ್ರಗಳನ್ನು ಬಿಲ್ಲಿನೊಂದಿಗೆ ಇರಿಸಿಕೊಳ್ಳಿ.

ಜಿ.ಎಸ್.ಟಿ. ವಿಷಯದಲ್ಲಿ 2018ರ ಸುತ್ತೋಲೆಯಿಂದ ಆರಂಭವಾದ ಗೊಂದಲ ಬಹುಮಟ್ಟಿಗೆ ಪರಿಹಾರವಾಗಿದೆ. ಸಂಪರ್ಕ ನೀಡುವುದು, ಮೀಟರ್ ಬಾಡಿಗೆ, ಮೀಟರ್ ಅಥವಾ ಸರ್ವಿಸ್ ಲೈನ್ ಸ್ಥಳಾಂತರ ಮುಂತಾದ ಪೂರಕ ಸೇವೆಗಳನ್ನು ವಿದ್ಯುತ್ ಕಂಪನಿಯು ತನ್ನ ಗ್ರಾಹಕರಿಗೆ ಸರಬರಾಜಿನ ಅಂಗವಾಗಿ ಒದಗಿಸಿದಾಗ 2024ರ ಅಕ್ಟೋಬರ್ 10ರಿಂದ ತೆರಿಗೆ ವಿನಾಯಿತಿ ಇದೆ. ಆದರೆ ಕಾಮಗಾರಿಯನ್ನು ನೀವೇ ಗುತ್ತಿಗೆದಾರರಿಂದ ಮಾಡಿಸಿದರೆ ಅವರ ಬಿಲ್ಲಿಗೆ ತೆರಿಗೆ ಬರುತ್ತದೆ. ಆವರಣದ ಹೊರಗೆ ಕಟ್ಟಿ ಕಂಪನಿಗೆ ಒಪ್ಪಿಸಿದ ಭಾಗದ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯುವುದು ವಿವಾದಕ್ಕೆ ಎಡೆಯಿರುವ ಸಂಗತಿ. ಯಾವ ದಾರಿ ಅಗ್ಗವೆಂದು ನಿರ್ಧರಿಸುವಾಗ ಈ ತೆರಿಗೆಯನ್ನು ವೆಚ್ಚವೆಂದೇ ಹಿಡಿದು ಹೋಲಿಸುವುದು ಸುರಕ್ಷಿತ.

ಬದಲಾವಣೆಯ ದಿನಗಳಲ್ಲಿ

ಕಾಮಗಾರಿಗೆ ಯಾವ ತಿಂಗಳು ಒಳ್ಳೆಯದು ಎಂಬುದರಲ್ಲಿ ಎಂಜಿನಿಯರಿಗೂ ವರ್ತಕರಿಗೂ ಒಮ್ಮತವಾಗುವುದು ಕಷ್ಟ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಭರಾಟೆ ಜನವರಿಯಿಂದ ಬೇಸಿಗೆಯವರೆಗೆ. ಶೀತಲಗೃಹಗಳು ತುಂಬುವುದೂ ಆಗಲೇ. ಜಿನ್ನಿಂಗ್ ಹಂಗಾಮು ಚಳಿಗಾಲದ್ದು. ಹಾಗಾದರೆ ಮಳೆಗಾಲ ಉಳಿಯಿತು. ಆದರೆ ಮಳೆಯಲ್ಲಿ ಟ್ರಾನ್ಸ್‌ಫಾರ್ಮರ್ ತೆರೆದು ಎಣ್ಣೆ ತುಂಬಿದರೆ ತೇವ ಒಳಸೇರುವ ಭಯವಿದೆ. ಅಡಿಪಾಯ, ಗೋಡೆ, ಕಂಬಗಳ ಕೆಲಸವನ್ನು ಹಂಗಾಮಿನಲ್ಲಿಯೇ ಮುಗಿಸಿ, ಫೀಡರ್ ವರ್ಗಾವಣೆಯನ್ನು ಮಾತ್ರ ಮಳೆಯ ಬಿಡುವಿನಲ್ಲಿ ಇಟ್ಟುಕೊಳ್ಳುವಂತೆ ನಮ್ಮ ಸಂಸ್ಥೆಗಳು ಮುಂಚಿತವಾಗಿ ಮನವಿ ಸಲ್ಲಿಸಬಹುದು. ಒಣಮೆಣಸಿನಕಾಯಿ ತುಂಬಿದ ಶೀತಲಗೃಹವು ಬಾಗಿಲು ತೆರೆಯದಿದ್ದರೆ ಕೆಲವು ತಾಸುಗಳ ನಿಲುಗಡೆಯನ್ನು ತಾಳಿಕೊಳ್ಳುತ್ತದೆ. ಹಾಲಿನ ಘಟಕ ತಾಳಲಾರದು. ಆದುದರಿಂದ ಎಲ್ಲರ ಪರವಾಗಿ ಒಂದೇ ಬೇಡಿಕೆ ಇಡುವುದಕ್ಕಿಂತ ಯಾವ ಫೀಡರಿನಲ್ಲಿ ಎಂತಹ ಘಟಕಗಳಿವೆ ಎಂಬ ಪಟ್ಟಿ ಕೊಡುವುದು ಹೆಚ್ಚು ಪ್ರಯೋಜನಕಾರಿ.

ಹೊಸ ಕೇಂದ್ರದಿಂದ ವಿದ್ಯುತ್ ಬಂದ ಮೊದಲ ದಿನ ಮೋಟಾರುಗಳನ್ನು ಬೆಲ್ಟು ಕಳಚಿ ಓಡಿಸಿ ನೋಡುವುದು ಅಗತ್ಯ. ಮೂರು ಫೇಸುಗಳ ಅನುಕ್ರಮ ಅದಲುಬದಲಾಗಿದ್ದರೆ ಮೋಟಾರು ತಿರುವುಮುರುವಾಗಿ ತಿರುಗುತ್ತದೆ. ಕೆಲವು ಬಗೆಯ ಕಂಪ್ರೆಸರುಗಳು ಅದರಿಂದಲೇ ಕೆಡುತ್ತವೆ. ಎಚ್.ಟಿ. ಗ್ರಾಹಕರು ಇನ್ನೂ ಒಂದನ್ನು ಗಮನಿಸಬೇಕು. 7.15 ಶೇಕಡಾ ಪ್ರತಿಬಾಧೆಯ 5 ಎಂ.ವಿ.ಎ. ಟ್ರಾನ್ಸ್‌ಫಾರ್ಮರಿನ ಜಾಗಕ್ಕೆ 8.35 ಶೇಕಡಾದ 10 ಎಂ.ವಿ.ಎ. ಬಂದರೆ, ಶಾರ್ಟ್ ಸರ್ಕ್ಯೂಟ್ ಆದಾಗ 11 ಕಿಲೋವೋಲ್ಟ್ ಬದಿಯಲ್ಲಿ ಹರಿಯಬಹುದಾದ ಗರಿಷ್ಠ ಪ್ರವಾಹ ಸುಮಾರು 3,700 ಆಂಪಿಯರಿನಿಂದ 6,300ಕ್ಕೆ ಏರುತ್ತದೆ. ನಿಮ್ಮ ಹಳೆಯ ಬ್ರೇಕರ್ ಅದನ್ನು ತಡೆಯಬಲ್ಲುದೇ ಎಂದು ಅಧಿಕೃತ ಗುತ್ತಿಗೆದಾರರಿಂದ ಪರೀಕ್ಷಿಸಿ, ರಿಲೇಯ ಹೊಂದಾಣಿಕೆಯನ್ನೂ ಹೊಸದಾಗಿ ಮಾಡಿಸಬೇಕು.

ದೀರ್ಘ ನಿಲುಗಡೆಯ ನಂತರ ಎಲ್ಲ ಕಂಪ್ರೆಸರುಗಳನ್ನೂ ಒಮ್ಮೆಲೇ ಚಾಲೂ ಮಾಡುವ ಅಭ್ಯಾಸ ದುಬಾರಿಯಾದುದು. ಮೀಟರ್ ಸರಾಸರಿ ಬೇಡಿಕೆಯನ್ನು 15 ನಿಮಿಷಗಳ ಅವಧಿಗೆ ದಾಖಲಿಸುತ್ತದೆ. ಇಡೀ ತಿಂಗಳ ಬೇಡಿಕೆ ಶುಲ್ಕಕ್ಕೆ ಆ ಒಂದು ಕಾಲುಗಂಟೆಯೇ ಆಧಾರವಾಗಬಹುದು. ಒಪ್ಪಂದದ ಬೇಡಿಕೆಗಿಂತ ಹೆಚ್ಚಾದ ಪಾಲಿಗೆ ಇಮ್ಮಡಿ ಶುಲ್ಕ. ಇಪ್ಪತ್ತು ನಿಮಿಷಗಳ ಅಂತರ ಬಿಟ್ಟು ಒಂದೊಂದಾಗಿ ಚಾಲೂ ಮಾಡುವಂತೆ ಆಪರೇಟರಿಗೆ ಬರೆದು ಕೊಟ್ಟರೆ ಸಾಕು.

ವಿಮೆಯ ಪಾಲಿಸಿಯನ್ನೂ ಈ ಸಂದರ್ಭದಲ್ಲಿ ತೆರೆದು ಓದಬೇಕು. ಸಾಮಾನ್ಯ ಬೆಂಕಿ ವಿಮೆಯು ವಿದ್ಯುತ್ ಇಲ್ಲದೆ ಕೆಟ್ಟ ಸರಕಿಗೆ ಪರಿಹಾರ ಕೊಡುವುದಿಲ್ಲ. ಶೀತಲಗೃಹದ ಸರಕು ಹಾಳಾಗುವುದಕ್ಕೆ ಪ್ರತ್ಯೇಕ ಪಾಲಿಸಿ ಇದೆ, ಅದನ್ನು ಸಾಮಾನ್ಯವಾಗಿ ಯಂತ್ರ ಕೆಡುವುದರ ವಿಮೆಯೊಂದಿಗೆ ಮಾತ್ರ ನೀಡುತ್ತಾರೆ. ಸಾರ್ವಜನಿಕ ವಿದ್ಯುತ್ ಸರಬರಾಜು ನಿಂತುದರಿಂದ ಆದ ನಷ್ಟ ಅದರಲ್ಲಿ ಸೇರಿದೆಯೇ, ಮುಂಚಿತವಾಗಿ ತಿಳಿಸಿ ಮಾಡಿದ ನಿಲುಗಡೆಯನ್ನು ಹೊರಗಿಟ್ಟಿದ್ದಾರೆಯೇ ಎಂಬುದನ್ನು ಕಾಮಗಾರಿ ಆರಂಭವಾಗುವ ಮೊದಲೇ ವಿಮಾ ಕಂಪನಿಯಿಂದ ಬರೆಸಿಕೊಳ್ಳಿ. ಸರಕು ಇಟ್ಟವರು ರೈತರೂ ವರ್ತಕರೂ ಆಗಿರುವಾಗ, ಶೀತಲಗೃಹದ ರಸೀದಿಯ ಹಿಂಬದಿಯ ಷರತ್ತುಗಳು ಏನು ಹೇಳುತ್ತವೆ ಎಂಬುದೂ ಅಷ್ಟೇ ಮುಖ್ಯ.

ಕೊನೆಯದಾಗಿ ದರ ವಿಚಾರಣೆಯ ವಿಷಯ. 2025ರ ಮಾರ್ಚ್ ತಿಂಗಳ ಆದೇಶದಲ್ಲಿ ಆಯೋಗವು ಮೂರು ವರ್ಷಗಳ ದರಗಳನ್ನು ಒಟ್ಟಿಗೆ ನಿಗದಿಪಡಿಸಿದೆ. ದರ ಪರಿಷ್ಕರಣೆಯ ಅರ್ಜಿಗಳು ನವೆಂಬರ್ ಕೊನೆಯ ವೇಳೆಗೆ ಸಲ್ಲಿಕೆಯಾಗುವುದು ವಾಡಿಕೆ. ಅನಂತರ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಆಕ್ಷೇಪಣೆಗೆ ಕಾಲಾವಕಾಶವಿರುತ್ತದೆ, ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ದರ ಇಳಿಸಿರೆಂಬ ಒಂದು ಸಾಲಿನ ಆಕ್ಷೇಪಣೆಗಳು ಪ್ರತಿಸಲವೂ ರಾಶಿಯಾಗಿ ಬೀಳುತ್ತವೆ. ಅದರ ಬದಲು ತಮ್ಮ ಫೀಡರಿನಲ್ಲಿ ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಸಲ, ಎಷ್ಟು ತಾಸು ವಿದ್ಯುತ್ ಹೋಯಿತು, ಜನರೇಟರಿಗೆ ಎಷ್ಟು ಲೀಟರ್ ಡೀಸೆಲ್ ಸುರಿದೆವು ಎಂಬ ದಿನಚರಿಯನ್ನು ಪ್ರಮಾಣಪತ್ರದೊಂದಿಗೆ ಸಲ್ಲಿಸಿ, ಬಂಡವಾಳ ಯೋಜನೆಯಲ್ಲಿ ತಮ್ಮ ಊರಿನ ಕೇಂದ್ರ ಯಾವ ವರ್ಷಕ್ಕೆ ಇದೆ ಎಂದು ಕೇಳಿದರೆ ಕಂಪನಿಯು ಲಿಖಿತ ಉತ್ತರ ಕೊಡಬೇಕಾಗುತ್ತದೆ. ಅಂತಹ ದಿನಚರಿಗೆ ಒಂದು ನೋಟ್‌ಬುಕ್ ಹಾಗೂ ಗೋಡೆ ಗಡಿಯಾರ ಸಾಕು. ಇದೇ ತಿಂಗಳಿನಿಂದ ಬರೆಯತೊಡಗಿದವರ ಬಳಿ ಮುಂದಿನ ವಿಚಾರಣೆಯ ಹೊತ್ತಿಗೆ ದಾಖಲೆ ಇರುತ್ತದೆ.